ಮದ್ದಿನ ಮನೆ ಮತ್ತು ಮಕ್ಕಳ ಪಾಠ

ಕನ್ನಡದಲ್ಲಿ ಮದ್ದು ಎಂಬ ಒಂದೇ ಮಾತಿಗೆ ಎರಡು ಅರ್ಥ. ಜ್ವರ ಬಂದ ಮಗುವಿಗೆ ಅರೆದು ಕುಡಿಸುವುದೂ ಮದ್ದು, ಕೋವಿಯ ನಳಿಗೆಗೆ ತುಂಬುವುದೂ ಮದ್ದು. ಶ್ರೀರಂಗಪಟ್ಟಣದಲ್ಲಿ ಅಲ್ಲಲ್ಲಿ ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಕಟ್ಟಿದ ಇಟ್ಟಿಗೆ-ಗಾರೆಯ ಮದ್ದಿನ ಮನೆಗಳಿವೆ, ಟಿಪ್ಪು ಸುಲ್ತಾನನ ಕಾಲದವು. ಬೆಂಗಳೂರು-ಮೈಸೂರು ಜೋಡಿ ರೈಲುಹಳಿಗೆ ಅಡ್ಡ ಬಂದ ಒಂದನ್ನು 2017ರಲ್ಲಿ ಒಡೆದುಹಾಕದೆ, ಬುಡಸಮೇತ ಎತ್ತಿ, ಸ್ವಲ್ಪ ದೂರಕ್ಕೆ ಜರುಗಿಸಿ ಕೂರಿಸಿದರು. ಚಳಿಗಾಲದಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬಂದಾಗ ಮಕ್ಕಳು ಇಂಥ ಕಟ್ಟಡಗಳ ಮುಂದೆ ಸಾಲಾಗಿ ನಿಲ್ಲುತ್ತಾರೆ. ಒಳಗೆ ಮದ್ದು ಇಡುತ್ತಿದ್ದರು ಎಂದು ಗೈಡ್ ಹೇಳಿದರೆ, ಸಣ್ಣ ತರಗತಿಯ ಮಕ್ಕಳಿಗೆ ಇದು ಹಳೇ ಕಾಲದ ಆಸ್ಪತ್ರೆಯಂತೆ ಕೇಳಿಸುತ್ತದೆ. ದೊಡ್ಡ ಮಕ್ಕಳು ನಗುತ್ತಾರೆ. ಬಸ್ಸು ದರಿಯಾ ದೌಲತ್ ಕಡೆಗೆ ಹೊರಡುತ್ತದೆ.

ಕೋವಿಗೆ ಸಂಬಂಧಿಸಿದ ನಮ್ಮ ಉಳಿದ ಮಾತುಗಳೂ ಹೀಗೆಯೇ ಕಥೆ ಹೇಳುತ್ತವೆ. ತುಪಾಕಿ ತುರ್ಕಿ-ಪಾರಸಿ ದಾರಿಯಲ್ಲಿ ಬಂದದ್ದು. ಬಂದೂಕು ಅರಬ್ಬಿಯ ಕಡೆಯಿಂದ ಬಂದದ್ದು. ಫಿರಂಗಿ ಎಂದರೆ ಮೊದಲು ಪರದೇಶದ ಮನುಷ್ಯ, ಆಮೇಲೆ ಅವನು ತಂದ ತೋಪು. ಟಿಪ್ಪುವಿನ ಸೈನ್ಯದ ರಾಕೆಟ್ಟಿಗೆ ಜನ ಹಳೆಯ ಬಾಣವೆಂಬ ಹೆಸರನ್ನೇ ಇಟ್ಟರು. ಈ ಮಾತುಗಳೆಲ್ಲ ನಮ್ಮ ಮನೆಗಳಿಗೆ ಬಂದು ಇನ್ನೂರೈವತ್ತು ಮುನ್ನೂರು ವರ್ಷಗಳಾದರೂ ಆಗಿವೆ. ಈ ಅವಧಿಯಲ್ಲಿ ಕೋವಿಯ ಬಗ್ಗೆ ಮಕ್ಕಳಿಗೆ ಯಾರು, ಏನು, ಯಾತಕ್ಕಾಗಿ ಕಲಿಸಿದರು?

ಹದಿನೆಂಟನೆಯ ಶತಮಾನದ ಮೈಸೂರಿನಲ್ಲಿ ಸೈನಿಕ ತರಬೇತಿ ಹೇಗೆ ನಡೆಯುತ್ತಿತ್ತು ಎಂಬುದು ನನ್ನ ಪಿಎಚ್‌ಡಿ ಸಂಶೋಧನೆಯ ವಿಷಯ. ಅದಕ್ಕಾಗಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಓಡಾಡುತ್ತಿದ್ದೇನೆ. ಓದುತ್ತ ಹೋದಂತೆ, ಸೈನ್ಯದ ಚರಿತ್ರೆ ಎಂದು ನಾನು ಹುಡುಕುತ್ತಿದ್ದ ಕಡೆಯಲ್ಲೆಲ್ಲ ಮಕ್ಕಳು ಎದುರಾದರು.

ಮೊದಲನೆಯವನು ಜೇಮ್ಸ್ ಸ್ಕರ್ರಿ ಎಂಬ ಇಂಗ್ಲಿಷ್ ಹುಡುಗ. ಹ್ಯಾನಿಬಲ್ ಎಂಬ ಯುದ್ಧನೌಕೆಯಲ್ಲಿದ್ದವನು. 1782ರ ಜನವರಿಯಲ್ಲಿ ಫ್ರೆಂಚರು ಆ ಹಡಗನ್ನು ಹಿಡಿದರು. ಫ್ರೆಂಚ್ ನೌಕಾಪತಿ ಸಫ್ರೆನ್ ಅದೇ ವರ್ಷ ಕಡಲೂರಿನಲ್ಲಿ ನೂರಾರು ಸೆರೆಯಾಳುಗಳನ್ನು ಹೈದರಾಲಿಯ ವಶಕ್ಕೆ ಕೊಟ್ಟ. ಆಗ ಸ್ಕರ್ರಿಗೆ ಹದಿನೈದು ಹದಿನಾರು ವರ್ಷ. ಬೆಂಗಳೂರಿನ ಮೂಲಕ ಅವನನ್ನೂ ಅವನಂಥ ಇತರ ಹುಡುಗರನ್ನೂ ಶ್ರೀರಂಗಪಟ್ಟಣಕ್ಕೆ ತಂದರು. ತಲೆ ಬೋಳಿಸಿ, ಸುನ್ನತಿ ಮಾಡಿಸಿ, ಕಿವಿಗೆ ಉಂಗುರ ಹಾಕಿಸಿ, ಕೈಗೆ ಕೋವಿ ಕೊಟ್ಟು ಕವಾಯತಿಗೆ ನಿಲ್ಲಿಸಿದರು. 1784ರ ಮಂಗಳೂರು ಒಪ್ಪಂದದಂತೆ ಯುದ್ಧಕೈದಿಗಳೆಲ್ಲ ಬಿಡುಗಡೆಯಾಗಬೇಕಿತ್ತು. ಈ ಹುಡುಗರು ಆಗಲಿಲ್ಲ. ಸ್ಕರ್ರಿ ತಪ್ಪಿಸಿಕೊಂಡು ತನ್ನವರನ್ನು ಸೇರಿದ್ದು ಸುಮಾರು ಹತ್ತು ವರ್ಷಗಳ ಮೇಲೆ. ಅವನು ಹೇಳಿಕೊಂಡ ಕಥೆ ಅವನು ಸತ್ತ ಬಳಿಕ, 1824ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಯಿತು.

ಈ ಪುಸ್ತಕವನ್ನು ಎಚ್ಚರದಿಂದ ಓದಬೇಕು. ಟಿಪ್ಪುವನ್ನು ರಾಕ್ಷಸನನ್ನಾಗಿ ತೋರಿಸುವುದು ಆ ಕಾಲದ ಇಂಗ್ಲಿಷ್ ಪುಸ್ತಕ ವ್ಯಾಪಾರಕ್ಕೆ ಬೇಕಾಗಿತ್ತು, ಕಂಪನಿಯ ರಾಜಕಾರಣಕ್ಕೂ ಬೇಕಾಗಿತ್ತು. ಸೆರೆಯ ಕಥೆಗಳಲ್ಲಿ ಉಪ್ಪು ಖಾರ ಬೆರೆಯುವುದೂ ಸಹಜವೇ. ಆದರೆ ಸಿಪಾಯಿ ಜೇಮ್ಸ್ ಬ್ರಿಸ್ಟೋ ಮೊದಲಾದ ಇತರ ಸೆರೆಯಾಳುಗಳ ಹೇಳಿಕೆಗಳೂ ಒಂದು ವಿಷಯದಲ್ಲಿ ಹೊಂದುತ್ತವೆ. ಶ್ರೀರಂಗಪಟ್ಟಣದಲ್ಲಿ ಚೇಲಾ ಎಂಬ ಪಡೆಗಳಿದ್ದವು, ಅವುಗಳಲ್ಲಿ ಸೆರೆಸಿಕ್ಕ ಎಳೆಯರಿದ್ದರು, ಅವರಿಗೆ ಕೋವಿ ಹಿಡಿಯುವುದನ್ನು ಕಲಿಸಲಾಗುತ್ತಿತ್ತು. ಚೇಲಾ ಎಂದರೆ ಶಿಷ್ಯ. ಆ ಮಾತು ಇಲ್ಲಿ ಆಳು ಎಂಬ ಅರ್ಥಕ್ಕೆ ಇಳಿದಿತ್ತು.

ಇಂಗ್ಲಿಷ್ ಹುಡುಗರು ಬರೆದದ್ದರಿಂದ ಅವರ ಕಥೆ ಉಳಿಯಿತು. ಬರೆಯದವರು ಅವರಿಗಿಂತ ಎಷ್ಟೋ ಹೆಚ್ಚು ಮಂದಿ. 1779ರಲ್ಲಿ ಹೈದರನು ಚಿತ್ರದುರ್ಗವನ್ನು ಗೆದ್ದ ಮೇಲೆ ಅಲ್ಲಿಯ ಸಾವಿರಾರು ಜನರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದನೆಂದೂ, ಅವರಲ್ಲಿ ಗಂಡುಹುಡುಗರನ್ನು ಆರಿಸಿ ಚೇಲಾ ಪಡೆಗಳನ್ನು ಕಟ್ಟಿದನೆಂದೂ ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಹೇಳುತ್ತಾನೆ. ಅವರು ಬೇಡರ ಮಕ್ಕಳು, ಕನ್ನಡದ ಮಕ್ಕಳು. ಅವರಲ್ಲಿ ಒಬ್ಬನ ಹೆಸರೂ ನನಗೆ ಓದಲು ಸಿಕ್ಕಿಲ್ಲ. ಓಬವ್ವನ ಒನಕೆಯ ಕಥೆಯನ್ನು ನಮ್ಮ ಶಾಲೆಗಳು ಪ್ರೀತಿಯಿಂದ ಹೇಳುತ್ತವೆ. ಅದೇ ದುರ್ಗ ಬಿದ್ದ ಮೇಲೆ ಅಲ್ಲಿಯ ಮಕ್ಕಳು ಏನಾದರು ಎಂಬುದು ಯಾವ ತರಗತಿಯಲ್ಲೂ ಬರುವುದಿಲ್ಲ.

ಎಳೆಯರನ್ನು ಬಳಸಿಕೊಂಡದ್ದು ಮೈಸೂರು ಒಂದೇ ಅಲ್ಲ. 1780ರ ಪೊಲ್ಲಿಲೂರು ಕಾಳಗದಲ್ಲಿ ಸೆರೆಯಾದ ಕಂಪನಿಯ ಪಡೆಯಲ್ಲಿ ಡ್ರಮ್ ಬಾರಿಸುವ ಹುಡುಗರಿದ್ದರು. ಸ್ಕರ್ರಿಯನ್ನು ಯುದ್ಧನೌಕೆಗೆ ಹತ್ತಿಸಿಕೊಂಡದ್ದು ಟಿಪ್ಪುವಲ್ಲ, ಇಂಗ್ಲೆಂಡಿನ ನೌಕಾಪಡೆ. ಆ ಶತಮಾನದಲ್ಲಿ ಕೋವಿ ಹೊರುವಷ್ಟು ತೋಳು ಬಲಿತರೆ ಸಾಕು, ಹುಡುಗ ಸಿಪಾಯಿಯಾದ. ಎರಡೂ ಕಡೆಯವರ ಲೆಕ್ಕ ಇದೇ.

1792ರ ಫೆಬ್ರವರಿಯಲ್ಲಿ ಇದೇ ಕೋಟೆಯಿಂದ ಇನ್ನಿಬ್ಬರು ಮಕ್ಕಳು ಹೊರಬಂದರು. ಟಿಪ್ಪುವಿನ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್. ಒಬ್ಬನಿಗೆ ಹತ್ತರ ಆಸುಪಾಸು, ಇನ್ನೊಬ್ಬನಿಗೆ ಎಂಟು. ಸಂಧಾನದ ಷರತ್ತಿನಂತೆ ಒತ್ತೆಯಾಳುಗಳಾಗಿ ಲಾರ್ಡ್ ಕಾರ್ನ್‌ವಾಲಿಸನ ಡೇರೆಗೆ ಆನೆಯ ಮೇಲೆ ಹೋದರು. ಹೊರಡುವಾಗ ಕೋಟೆಯ ತೋಪುಗಳು ಹಾರಿದವು, ಮುಟ್ಟಿದಾಗ ಇಂಗ್ಲಿಷರ ತೋಪುಗಳು ಹಾರಿದವು. ಆ ದೃಶ್ಯವನ್ನು ಇಂಗ್ಲೆಂಡಿನ ಕಲಾವಿದರು ಮತ್ತೆಮತ್ತೆ ಬರೆದರು. ಎಲ್ಲ ಚಿತ್ರಗಳಲ್ಲೂ ಗವರ್ನರ್ ಜನರಲ್ ಮಕ್ಕಳ ಕೈಹಿಡಿದ ಕರುಣಾಳು ತಂದೆಯಂತೆ ಕಾಣುತ್ತಾನೆ. ವಾರಗಟ್ಟಲೆ ಅದೇ ಮಕ್ಕಳ ಮನೆಯ ಮೇಲೆ ಗುಂಡು ಸುರಿದದ್ದು ಯಾರ ತೋಪು ಎಂಬುದನ್ನು ಚಿತ್ರ ಮರೆಸುತ್ತದೆ. ಮಕ್ಕಳನ್ನೂ ಕೋವಿಯನ್ನೂ ಒಟ್ಟಿಗೆ ತೋರಿಸುವಾಗ ದೊಡ್ಡವರು ಸಾಮಾನ್ಯವಾಗಿ ತಮ್ಮ ದೊಡ್ಡತನವನ್ನೇ ತೋರಿಸಿಕೊಳ್ಳುತ್ತಾರೆ. ಈ ಮಾತು ಮುಂದೆಯೂ ಬೇಕಾಗುತ್ತದೆ.

ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಕೆಲವೇ ಮೈಲಿ ದೂರದ ಪಾಂಡವಪುರಕ್ಕೆ ಹೋದರೆ ಊರಿನ ಹೆಸರೇ ಕವಾಯತಿನದು. ಹಿಂದೆ ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿಯ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್ ಆಯಿತು. ಅದೇ ತಾಲ್ಲೂಕಿನ ಚಿನಕುರಳಿಯಲ್ಲಿ 1771ರಲ್ಲಿ ಮರಾಠರ ಕೈಯಲ್ಲಿ ಹೈದರನ ಸೈನ್ಯ ನುಚ್ಚುನೂರಾಗಿತ್ತು. ಟಿಪ್ಪು ಪಟ್ಟಕ್ಕೆ ಬಂದ ಮೇಲೆ ಶಿಸ್ತಿನ ಕಾಲಾಳು ಪಡೆ ಕಟ್ಟಲು ಹೊರಟ. ಆದೇಶಗಳ ಮಾತುಗಳನ್ನು ಪಾರಸಿಯಲ್ಲಿ ಗೊತ್ತುಮಾಡಿಸಿ ಫತ್ಹುಲ್ ಮುಜಾಹಿದೀನ್ ಎಂಬ ಕೈಪಿಡಿ ಬರೆಸಿದ. ಕೋವಿಯನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು, ಸಾಲು ಹೇಗೆ ತಿರುಗಬೇಕು, ಇಂಥದ್ದೆಲ್ಲ ಅದರ ಬಾಬತ್ತು. ನಮ್ಮ ನಾಡಿನಲ್ಲಿ ಕೋವಿಗಾಗಿಯೇ ಸಿದ್ಧವಾದ ಮೊದಮೊದಲ ಪಠ್ಯಪುಸ್ತಕಗಳಲ್ಲಿ ಅದೊಂದು ಎನ್ನಬಹುದು.

1799ರ ಬಳಿಕ ಫ್ರೆಂಚ್ ರಾಕ್ಸ್‌ನಲ್ಲಿ ಮದ್ರಾಸ್ ಸೈನ್ಯದ ದೇಶೀ ರೆಜಿಮೆಂಟು ನೆಲೆಸಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳವರೆಗೂ ಅದು ದಂಡಿನ ಊರೇ. ಮದ್ರಾಸ್ ಸೈನ್ಯದಲ್ಲಿ ಸಿಪಾಯಿಗಳ ಗಂಡುಮಕ್ಕಳನ್ನು ರಿಕ್ರೂಟ್ ಬಾಯ್ಸ್ ಎಂಬ ಹೆಸರಿನಲ್ಲಿ ಸಂಬಳದ ಪಟ್ಟಿಗೆ ಸೇರಿಸಿಕೊಂಡು, ಕವಾಯತು ಕಲಿಸಿ, ವಯಸ್ಸಿಗೆ ಬಂದ ಮೇಲೆ ಸಿಪಾಯಿಗಳನ್ನಾಗಿ ಮಾಡುವ ಪದ್ಧತಿಯಿತ್ತು. ಕುಟುಂಬಕ್ಕೆ ಅದು ಅನ್ನದ ದಾರಿ. ಸರ್ಕಾರಕ್ಕೆ ಮುಂದಿನ ಬೆಳೆಯ ಬೀಜ.

ಸ್ವಾತಂತ್ರ್ಯದ ಹೊತ್ತಿಗೆ ಈ ಕಲಿಕೆ ಶಾಲೆಯ ಅಂಗಳಕ್ಕೆ ಬಂತು. 1948ರಲ್ಲಿ ರಾಷ್ಟ್ರೀಯ ಕೆಡೆಟ್ ದಳ, ಅಂದರೆ ಎನ್‌ಸಿಸಿ, ಕಾಯಿದೆಯ ಮೂಲಕ ಹುಟ್ಟಿತು. ಕಾಲೇಜಿಗೊಂದು ವಿಭಾಗ, ಪ್ರೌಢಶಾಲೆಗೊಂದು ವಿಭಾಗ. 1962ರ ಚೀನಾ ಯುದ್ಧದ ಆಘಾತದಲ್ಲಿ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಯಿತು. 1968ರ ಹೊತ್ತಿಗೆ ಮತ್ತೆ ಐಚ್ಛಿಕವಾಯಿತು. ಪಾಯಿಂಟ್ ಟೂ ಟೂ ರೈಫಲ್ ಎಂಬುದು ಈ ಸೀಮೆಯ ಎಷ್ಟೋ ನಿವೃತ್ತ ಮೇಷ್ಟ್ರುಗಳ ನೆನಪಿನಲ್ಲಿ ಇಂದಿಗೂ ಎಣ್ಣೆಯ ವಾಸನೆಯೊಂದಿಗೆ ಉಳಿದಿದೆ. ನಿಷ್ಠುರವಾಗಿ ನೋಡಿದರೂ ಎನ್‌ಸಿಸಿಯ ಕಲಿಕೆಯಲ್ಲಿ ಒಂದು ಒಳ್ಳೆಯ ಅಂಶವಿದೆ. ಗುಂಡು ಹಾರಿಸುವ ಮೊದಲು ಅದು ಹಾರಿಸದಿರುವುದನ್ನು ಕಲಿಸುತ್ತದೆ. ಕೋವಿಯಲ್ಲಿ ಗುಂಡಿದೆ ಎಂದೇ ತಿಳಿ, ಮನುಷ್ಯನ ಕಡೆ ನಳಿಗೆ ತಿರುಗಿಸಬೇಡ, ಹೇಳುವವರೆಗೆ ಟ್ರಿಗರ್ ಮುಟ್ಟಬೇಡ. ತೊಂದರೆ ಏನೆಂದರೆ ಆ ಪಾಠ ಸಿಗುವುದು ಕೆಲವೇ ಶಾಲೆಗಳ, ಎಂಟು ಒಂಬತ್ತನೆಯ ತರಗತಿ ಮುಟ್ಟಿದ, ಕೆಲವೇ ಮಕ್ಕಳಿಗೆ.

ಹೀಗೆ ನೋಡಿದರೆ ಚೇಲಾ ಪಡೆಯಿಂದ ಎನ್‌ಸಿಸಿಯವರೆಗೆ ಒಂದು ಮಾತು ಬದಲಾಗಿಲ್ಲ. ರಾಜ್ಯಕ್ಕೆ ಸಿಪಾಯಿ ಬೇಕಾದಾಗ ಹುಡುಗನಿಗೆ ಕೋವಿಯ ಪಾಠ ಸಿಕ್ಕಿದೆ. ಸೆರೆಯ ದಬ್ಬಾಳಿಕೆಗೂ ಸ್ವಂತ ಇಚ್ಛೆಯ ಕೆಡೆಟ್ ತರಬೇತಿಗೂ ಅಜಗಜಾಂತರ, ಅದನ್ನು ಒಂದೇ ತಕ್ಕಡಿಯಲ್ಲಿ ನಾನು ಇಡುತ್ತಿಲ್ಲ. ಕೋವಿ ಹಿಡಿಯಬೇಕಾದ ಮಗುವಿಗೆ ಮಾತ್ರ ಕೋವಿಯ ಪಾಠ ಎಂಬ ನಂಬಿಕೆ ಎರಡಕ್ಕೂ ಸಾಮಾನ್ಯ ಎಂದಷ್ಟೇ ಹೇಳುತ್ತಿದ್ದೇನೆ. ಕೋವಿಯ ಎದುರು ನಿಲ್ಲುವ ಮಗುವಿಗೆ ಪಾಠವಿಲ್ಲ. 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿಯ ಹೊತ್ತಿಗೆ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರಿನ ವೃತ್ತ ಮೈಸೂರಿನಲ್ಲಿದೆ. ನಮ್ಮ ನಾಲ್ಕೂ ತಾಲ್ಲೂಕುಗಳಿಂದ ಮೈಸೂರಿಗೆ ಓದಲು ಹೋಗುವ ಹುಡುಗರಿಗೆ ಅದು ಬಸ್ಸು ಇಳಿಯುವ ಜಾಗದ ಹೆಸರು ಮಾತ್ರ.

ಇನ್ನು ತರಗತಿಯೊಳಗೆ ಬರೋಣ. ಶಾಲೆಯಲ್ಲಿ ಕೋವಿ ಬರುವುದು ಸಮಾಜ ವಿಜ್ಞಾನದ ಪುಸ್ತಕದಲ್ಲಿ. ಹೈದರ್, ಟಿಪ್ಪು, ಮೈಸೂರು ಯುದ್ಧಗಳು, ರಾಕೆಟ್. ಪ್ರವಾಸಕ್ಕೆ ಬಂದ ಮಕ್ಕಳು ದರಿಯಾ ದೌಲತ್‌ನ ಗೋಡೆಯ ಮೇಲೆ ಪೊಲ್ಲಿಲೂರಿನ ಚಿತ್ರವನ್ನು ನೋಡುತ್ತಾರೆ. ಮದ್ದಿನ ಗಾಡಿ ಸಿಡಿಯುತ್ತಿದೆ, ಪಲ್ಲಕ್ಕಿಯಲ್ಲಿ ಕರ್ನಲ್ ಬೇಯ್ಲಿ ಕುಳಿತಿದ್ದಾನೆ, ಸುತ್ತ ರುಂಡಮುಂಡಗಳು ಉರುಳಿವೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಹಳೆಯ ರಾಕೆಟ್ಟುಗಳು ಸಿಕ್ಕಾಗ ಪತ್ರಿಕೆಗಳಲ್ಲಿ ಹೆಮ್ಮೆಯೋ ಹೆಮ್ಮೆ. ಮರುವರ್ಷವೇ ಟಿಪ್ಪುವಿನ ಪಾಠವನ್ನು ಪುಸ್ತಕದಿಂದ ತೆಗೆಯಬೇಕು ಎಂಬ ಬೇಡಿಕೆ ಎದ್ದಿತು. 2020ರಲ್ಲಿ ಕೊರೊನಾ ಕಾಲದ ಪಠ್ಯ ಕಡಿತದಲ್ಲಿ ಏಳನೆಯ ತರಗತಿಯ ಹೈದರ್-ಟಿಪ್ಪು ಅಧ್ಯಾಯ ಬಿಟ್ಟುಹೋದಾಗ ದೊಡ್ಡ ಗಲಾಟೆಯಾಯಿತು, ಸರ್ಕಾರ ಆ ಕಡಿತವನ್ನು ತಡೆಹಿಡಿಯಿತು.

ಎರಡೂ ಪಕ್ಷದವರ ವಾದಗಳನ್ನು ನಾನು ಶ್ರದ್ಧೆಯಿಂದ ಓದಿದ್ದೇನೆ, ಅದು ನನ್ನ ಕೆಲಸವೂ ಹೌದು. ಒಬ್ಬರಿಗೆ ಆ ರಾಕೆಟ್ಟು ನಾಡಿನ ಕೀರ್ತಿ. ಇನ್ನೊಬ್ಬರಿಗೆ ಆ ಕತ್ತಿ ಮಾಡಿದ ಗಾಯ ಇನ್ನೂ ಆರಿಲ್ಲ. ಎರಡರಲ್ಲೂ ಆಯುಧ ಯಾರ ಕೈಯಲ್ಲಿತ್ತು ಎಂಬುದೇ ಪ್ರಶ್ನೆ. ಆಯುಧ ಏನು ಮಾಡುತ್ತದೆ ಎಂಬ ಸರಳ ಪ್ರಶ್ನೆಗೆ ಪುಸ್ತಕದಲ್ಲೂ ಜಗಳದಲ್ಲೂ ಜಾಗ ಸಿಗುವುದಿಲ್ಲ.

ಆ ಸರಳ ಪ್ರಶ್ನೆ 2025ರ ಫೆಬ್ರವರಿಯಲ್ಲಿ ನಾಗಮಂಗಲ ತಾಲ್ಲೂಕಿಗೆ ಬಂತು. ಒಂದು ಕೋಳಿ ಫಾರಂ. ಕೆಲಸ ಹುಡುಕಿಕೊಂಡು ಹೊರ ರಾಜ್ಯದಿಂದ ಬಂದು ನೆಲೆಸಿದ ಕೂಲಿ ಕುಟುಂಬ. ಅಲ್ಲಿದ್ದ ಬಂದೂಕು ಹದಿಹರೆಯದ ಹುಡುಗನೊಬ್ಬನ ಕೈಗೆ ಸಿಕ್ಕಿತು. ಅವನು ಅದರೊಂದಿಗೆ ಆಡುತ್ತಿದ್ದಾಗ ಗುಂಡು ಹಾರಿತು. ನಾಲ್ಕು ವರ್ಷದ ಮಗು ಸತ್ತಿತು, ತಾಯಿಗೆ ಗಾಯವಾಯಿತು. ಎರಡು ದಿನ ಸುದ್ದಿಯಾಯಿತು, ಆಮೇಲೆ ಮುಗಿಯಿತು.

ನಾನು ಈ ಬರಹದಲ್ಲಿ ಆ ಮಗುವಿನ, ಆ ಹುಡುಗನ, ಆ ಊರಿನ ಹೆಸರು ಬರೆಯುವುದಿಲ್ಲ. ಆ ಹುಡುಗನೂ ಮಗುವೇ. ಅವನು ಆ ದಿನವನ್ನು ಹೊತ್ತುಕೊಂಡು ಇನ್ನೂ ಐವತ್ತು ಅರವತ್ತು ವರ್ಷ ಬದುಕಬೇಕು. ಆದರೆ ಚರಿತ್ರೆಯ ವಿದ್ಯಾರ್ಥಿಯಾಗಿ ನಾನು ಕೇಳಬಹುದಾದದ್ದು ಇಷ್ಟು. ಅವನಿಗೆ ಕೋವಿಯ ಬಗ್ಗೆ ಯಾರಾದರೂ ಏನಾದರೂ ಹೇಳಿದ್ದರೆ? ಯಾವ ಪುಸ್ತಕದಲ್ಲಿ, ಯಾವ ತರಗತಿಯಲ್ಲಿ ಅವನು ಅದನ್ನು ಕೇಳಬಹುದಿತ್ತು?

ನಮ್ಮ ಕಡೆ ಬಂದೂಕು ಅಪರೂಪದ ವಸ್ತುವಲ್ಲ. ತೋಟಕ್ಕೆ ಹಂದಿ ಬರುತ್ತದೆ, ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕುತ್ತದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಗೆ, ಜೋಡಿ ನಳಿಗೆ ಬಂದೂಕುಗಳು ಹಳೆಯ ಮನೆಗಳಲ್ಲಿವೆ. ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದವು. ಆಯುಧಪೂಜೆಯ ದಿನ ನೇಗಿಲು, ಟ್ರ್ಯಾಕ್ಟರ್, ಕುಡುಗೋಲಿನ ಜೊತೆ ಅವಕ್ಕೂ ಕುಂಕುಮ. ಉಳಿದ ದಿನ ಮೊಳೆಗೋ ಅಟ್ಟಕ್ಕೋ ಬೀರುವಿನ ಹಿಂದಕ್ಕೋ ಹೋಗುತ್ತವೆ.

ಕಾನೂನು ಇಲ್ಲವೆಂದಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆ ಮೊದಲಿಗೆ ಹದಿನಾರು ತುಂಬದವರು ಬಂದೂಕು ಹೊಂದಬಾರದು ಎಂದಿತು, 1983ರ ತಿದ್ದುಪಡಿ ಆ ವಯಸ್ಸನ್ನು 21ಕ್ಕೆ ಏರಿಸಿತು. 2016ರ ನಿಯಮಗಳು ಪರವಾನಗಿದಾರ ತನ್ನ ಆಯುಧವನ್ನು ಭದ್ರವಾಗಿ ಇಡಬೇಕು ಎನ್ನುತ್ತವೆ. ಯಾವ ಮನೆಯಲ್ಲಿ ಬಂದೂಕಿದೆ ಎಂಬುದು ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ಪ್ರತಿ ಚುನಾವಣೆ ಬಂದಾಗಲೂ ಬಂದೂಕುಗಳನ್ನು ಠಾಣೆಗೆ ಒಪ್ಪಿಸಲು ಆದೇಶ ಹೊರಡುತ್ತದೆ. 2023ರ ವಿಧಾನಸಭೆಗೂ 2024ರ ಲೋಕಸಭೆಗೂ ಜನ ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿ ರಸೀದಿ ಪಡೆದರು. ಫಲಿತಾಂಶ ಬಂದ ಮೇಲೆ ವಾಪಸು ತಂದರು. ಮತಪೆಟ್ಟಿಗೆಯನ್ನು ಬಂದೂಕಿನಿಂದ ಕಾಪಾಡುವುದು ಹೇಗೆಂದು ನಮ್ಮ ವ್ಯವಸ್ಥೆಗೆ ಗೊತ್ತಿದೆ. ವಾಪಸು ಕೊಡುವಾಗ, ಮನೆಯಲ್ಲಿ ಮಕ್ಕಳಿದ್ದಾರೆಯೇ, ಬೀಗವಿದೆಯೇ, ತೋಟಾ ಬೇರೆ ಜಾಗದಲ್ಲಿ ಇಡುತ್ತೀರಾ ಎಂಬ ಮೂರು ಪ್ರಶ್ನೆ ಕೇಳಲು ಎಷ್ಟು ಹೊತ್ತು ಬೇಕು?

ಶಾಲೆ ಏನು ಮಾಡಬಹುದು ಎಂದು ಕೆ.ಆರ್.ಪೇಟೆ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರನ್ನು ಕೇಳಿದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇರುವವರು. "ಏನ್ ಹೇಳ್ಕೊಡನ ಸಾ? ಕೋವಿ ಅಂದ್ರೆ ಸಾಕು, ಐಕ್ಳು ಕೈನೇ ಕೋವಿ ಮಾಡ್ಕಂಡು ಡಿಶುಂ ಅಂತವೆ. ಬ್ಯಾಡ ಕಣ್ರಲೇ ಅಂತ ಗದರ್ತೀವಿ. ಅಷ್ಟೇಯ ನಮ್ ಪಾಠ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಹಾವು ಕಂಡ್ರೆ ಏನ್ ಮಾಡ್ಬೇಕು ಅಂತ ಹೇಳ್ಕೊಡ್ತೀವಿ, ಕರೆಂಟ್ ತಂತಿ ಬಿದ್ದಿದ್ರೆ ಮುಟ್‌ಬ್ಯಾಡಿ ಅಂತೀವಿ. ಇದುನ್ನ ಯಾಕ್ ಹೇಳ್ಲಿಲ್ಲ ಅಂತ ನಂಗೂ ಗೊತ್ತಿಲ್ಲ ಬುಡಿ" ಎಂದರು.

ಅವರ ಗದರಿಕೆ ಒಂದು ಬಗೆಯ ಉತ್ತರ. ಅಮೆರಿಕದಲ್ಲಿ ಅದು ಕಾನೂನಿನ ಮಟ್ಟಕ್ಕೆ ಹೋಯಿತು. 1994ರಲ್ಲಿ ಬಂದೂಕುರಹಿತ ಶಾಲೆಗಳ ಕಾಯಿದೆ ಬಂದ ಮೇಲೆ ಎಷ್ಟೋ ಶಾಲೆಗಳು ಬಂದೂಕಿನ ನೆರಳನ್ನೂ ಸಹಿಸದ ನೀತಿ ಹಿಡಿದವು. 2013ರಲ್ಲಿ ಮೇರಿಲ್ಯಾಂಡಿನ ಏಳು ವರ್ಷದ ಹುಡುಗನೊಬ್ಬ ತಿಂಡಿಯನ್ನು ಕಚ್ಚಿ ಕಚ್ಚಿ ಪಿಸ್ತೂಲಿನ ಆಕಾರ ಮಾಡಿದನೆಂದು ಶಾಲೆ ಅವನನ್ನು ಎರಡು ದಿನ ಹೊರಗಿಟ್ಟಿತು. ಮನೆಯ ಡ್ರಾಯರಿನಲ್ಲಿರುವ ನಿಜವಾದ ಪಿಸ್ತೂಲಿಗೆ ಇದರಿಂದ ಏನೂ ಆಗಲಿಲ್ಲ.

ಇನ್ನೊಂದು ಬಗೆಯ ಉತ್ತರ ಪಾಠ. ಅದೇ ದೇಶದ ಬಂದೂಕು ಮಾಲೀಕರ ದೊಡ್ಡ ಸಂಘ, ಎನ್‌ಆರ್‌ಎ, 1988ರಿಂದ ಹದ್ದಿನ ಬೊಂಬೆಯೊಂದನ್ನಿಟ್ಟುಕೊಂಡು ಸಣ್ಣ ಮಕ್ಕಳಿಗೆ ನಾಲ್ಕು ಮಾತು ಕಲಿಸುತ್ತಿದೆ. ನಿಲ್ಲು, ಮುಟ್ಟಬೇಡ, ಅಲ್ಲಿಂದ ಹೊರಡು, ದೊಡ್ಡವರಿಗೆ ಹೇಳು. ಮಾತುಗಳು ಚೆನ್ನಾಗಿವೆ. ಆದರೆ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ತಲೆ ತಗ್ಗಿಸುವಂತೆ ಮಾಡಿತು. ಎಂಟರಿಂದ ಹನ್ನೆರಡು ವರ್ಷದ ಗಂಡುಹುಡುಗರನ್ನು ಎರಡು ಮೂರು ಜನರ ಗುಂಪು ಮಾಡಿ ಕೋಣೆಯಲ್ಲಿ ಬಿಟ್ಟರು. ಡ್ರಾಯರಿನಲ್ಲಿ ಗುಂಡಿಲ್ಲದ ನಿಜವಾದ ಪಿಸ್ತೂಲಿತ್ತು. ಅದು ಕಣ್ಣಿಗೆ ಬಿದ್ದ ಗುಂಪುಗಳಲ್ಲಿ ಹೆಚ್ಚಿನವು ಅದನ್ನು ಕೈಗೆತ್ತಿಕೊಂಡವು, ಕೆಲವರು ಟ್ರಿಗರ್ ಎಳೆದರು. ಎತ್ತಿಕೊಂಡ ಹುಡುಗರಲ್ಲಿ ಬಹುಪಾಲು ಮಂದಿ ಮೊದಲೇ ಬಂದೂಕಿನ ಬಗ್ಗೆ ಎಚ್ಚರಿಕೆಯ ಮಾತು ಕೇಳಿದ್ದವರು. 2004ರ ಮತ್ತೊಂದು ಅಧ್ಯಯನದಲ್ಲಿ ನಾಲ್ಕೈದು ವರ್ಷದ ಮಕ್ಕಳು ಕಲಿಸಿದ ಮಾತನ್ನು ಒಪ್ಪಿಸಿದರು, ಆದರೆ ಅದರಂತೆ ನಡೆಯಲಿಲ್ಲ. ಮಾತಿನ ಜೊತೆ ನಡೆದು ತೋರಿಸಿ, ಮತ್ತೆಮತ್ತೆ ಅಭ್ಯಾಸ ಮಾಡಿಸಿದ ಮಕ್ಕಳು ಸ್ವಲ್ಪ ಮೇಲಾಗಿ ಕಂಡರು. ಬಾಯಿಪಾಠ ಎಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪಕ್ಕದ ಕೊಡಗಿನಲ್ಲಿ ಮೂರನೆಯ ಬಗೆಯ ಉತ್ತರವಿದೆ. ಅಲ್ಲಿ ಕೋವಿ ಬಚ್ಚಿಟ್ಟ ವಸ್ತುವಲ್ಲ. ಗಂಡುಮಗು ಹುಟ್ಟಿದರೆ ಗುಂಡು ಹಾರಿಸುವ ವಾಡಿಕೆ, ಸೆಪ್ಟೆಂಬರಿನ ಕೈಲ್‌ಪೊಳ್ದಿನಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಅಲ್ಲಿ ಮಗು ಕೋವಿಯನ್ನು ಮೊದಲು ನೋಡುವುದು ಹಿರಿಯರ ಕೈಯಲ್ಲಿ, ಹಿರಿಯರ ಎದುರಿನಲ್ಲಿ. ಅದು ಆ ಸಮಾಜದ ಸಂಪ್ರದಾಯ, ಬಯಲುಸೀಮೆಯವರು ಎರವಲು ತರಬಹುದಾದದ್ದಲ್ಲ. ಅದೇ ಕೊಡಗಿನ ಪೊನ್ನಂಪೇಟೆಯಲ್ಲಿ 2022ರ ಮೇ ತಿಂಗಳಲ್ಲಿ ಖಾಸಗಿ ಶಾಲೆಯೊಂದರ ಆವರಣದಲ್ಲಿ ಬಜರಂಗದಳದ ಶಿಬಿರ ನಡೆದು, ಏರ್‌ಗನ್ ತರಬೇತಿಯ ಚಿತ್ರಗಳು ಹರಡಿ ರಾಜ್ಯವ್ಯಾಪಿ ವಿವಾದವಾಯಿತು. ಅಲ್ಲಿದ್ದವರು ಆ ಶಾಲೆಯ ಮಕ್ಕಳಲ್ಲ, ಆಗ ರಜೆ. ಆದರೂ ಶಾಲೆಯ ಅಂಗಳದಲ್ಲಿ ಕೋವಿ ಕಂಡಾಗ ಆದ ದಿಗಿಲಿಗೆ ಅರ್ಥವಿತ್ತು. ಮನೆಯಲ್ಲಿ ಹಿರಿ ಅಜ್ಜ ತೋರಿಸುವ ಕೋವಿ ಬೇರೆ, ಶತ್ರು ಇದ್ದಾನೆಂದು ಹೇಳಿ ಕೈಗಿಡುವ ಕೋವಿ ಬೇರೆ. ಶಾಲೆ ಎರಡನೆಯದಕ್ಕೆ ಜಾಗ ಕೊಡಬಾರದು.

ಹಾಗಾದರೆ ನಮ್ಮ ಸೀಮೆಗೆ ಯಾವ ಪಾಠ? ನನ್ನ ಉತ್ತರ ಪಾಂಡವಪುರದ ನಾಲೆಯ ಏರಿಯ ಮೇಲಿದೆ. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಆ ದಿನ ಯಾರೂ, ಮಕ್ಕಳಿಗೆ ಈಜು ಕಲಿಸಬೇಕಿತ್ತು ಎನ್ನಲಿಲ್ಲ. ತಡೆಗೋಡೆ ಎಲ್ಲಿ ಎಂದು ಕೇಳಿದರು. ಕೇಳಬೇಕಾದದ್ದು ಅದೇ. ಬಂದೂಕಿನ ವಿಷಯದಲ್ಲೂ ಮೊದಲು ತಡೆಗೋಡೆ. ಬೀಗ ಹಾಕಿದ ಪೆಟ್ಟಿಗೆ, ಬೇರೆ ಜಾಗದಲ್ಲಿ ತೋಟಾ, ಬೀಗದ ಕೈ ದೊಡ್ಡವರ ಬಳಿ. ಅದು ಮಾಲೀಕನ ಹೊಣೆ, ಪರವಾನಗಿ ಕೊಟ್ಟವರ ಹೊಣೆ. ಮಗುವಿಗೆ ಕಲಿಸಿದ್ದೇವೆ ಎಂದು ಹೇಳಿ ಆ ಹೊಣೆಯನ್ನು ಮಗುವಿನ ಹೆಗಲಿಗೆ ದಾಟಿಸುವಂತಿಲ್ಲ.

ಅದರ ನಂತರ ಪಾಠ. ಅದಕ್ಕೆ ಹೊಸ ಪುಸ್ತಕ ಬೇಡ, ಸಮಿತಿ ಬೇಡ. ಮೈಸೂರಿನಲ್ಲಿ ಪ್ರತಿ ದಸರೆಗೆ ಮುಂಚೆ ಆನೆ, ಕುದುರೆಗಳಿಗೆ ಕುಶಾಲತೋಪಿನ ತಾಲೀಮು ನಡೆಯುತ್ತದೆ. ಸದ್ದಿಗೆ ಬೆಚ್ಚಿ ಓಡದಿರಲಿ ಎಂದು, ಅವುಗಳ ಎದುರೇ ತೋಪು ಹಾರಿಸಿ, ಮತ್ತೆಮತ್ತೆ ಅಭ್ಯಾಸ ಮಾಡಿಸುತ್ತಾರೆ. ಅವುಗಳಿಗೆ ಕೊಡುವಷ್ಟು ತಾಲೀಮಿನಲ್ಲಿ ಹತ್ತನೆಯ ಒಂದು ಪಾಲು ಮಕ್ಕಳಿಗೆ ಕೊಟ್ಟರೂ ಸಾಕು. ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಎಂಬುದನ್ನು ನಮ್ಮ ಶಾಲೆಗಳು ಸಂಕೋಚ ಬಿಟ್ಟು ಹೇಳಲು ಕಲಿತಿವೆ. ಹತ್ತಿಪ್ಪತ್ತು ವರ್ಷಗಳ ಹಿಂದೆ ಅದೂ ಆಡಬಾರದ ಮಾತಾಗಿತ್ತು. ಹಾಗೆಯೇ ವರ್ಷಕ್ಕೊಮ್ಮೆ, ಆಯುಧಪೂಜೆಯ ರಜೆಗೆ ಮುಂಚಿನ ಒಂದು ಪಿರಿಯಡ್. ಕೋವಿ ಕಂಡರೆ ಮುಟ್ಟಬೇಡ. ಗೆಳೆಯ ಎತ್ತಿಕೊಂಡರೆ ಅಲ್ಲಿ ನಿಲ್ಲಬೇಡ. ಬಂದು ಹೇಳು, ಯಾರೂ ಬಯ್ಯುವುದಿಲ್ಲ. ತರಗತಿಯಲ್ಲಿ ಇದನ್ನು ನಡೆದು, ಆಡಿ, ತೋರಿಸಬೇಕು. ಕೂಲಿಗೆ ಬಂದವರ ಮಕ್ಕಳಿಗೆ ಅವರ ಭಾಷೆಯಲ್ಲಿ ಹೇಳುವವರನ್ನೂ ಹುಡುಕಬೇಕು. ನಾಗಮಂಗಲದ ಆ ಫಾರಂನಲ್ಲಿದ್ದವರು ಅಂಥವರೇ.

ಚರಿತ್ರೆಯ ಪಾಠವೂ ಇದರಿಂದ ಕೆಡುವುದಿಲ್ಲ, ಉದ್ಧಾರವಾಗುತ್ತದೆ. ಟಿಪ್ಪುವಿನ ರಾಕೆಟ್ಟು ಎಷ್ಟು ದೂರ ಹಾರುತ್ತಿತ್ತು ಎಂದು ಕೇಳುವ ಏಳನೆಯ ತರಗತಿಯ ಹುಡುಗಿಗೆ, ಚಿತ್ರದುರ್ಗದಿಂದ ಬಂದ ಅವಳ ವಯಸ್ಸಿನ ಮಕ್ಕಳ ಬಗ್ಗೆಯೂ ಹೇಳಬಹುದು. ಸ್ಕರ್ರಿಯ ಬಗ್ಗೆ ಹೇಳಬಹುದು. ಆನೆಯ ಮೇಲೆ ಕುಳಿತು ಶತ್ರುವಿನ ಡೇರೆಗೆ ಹೋದ ಎಂಟು ವರ್ಷದ ಮುಯಿಜುದ್ದೀನನ ಬಗ್ಗೆ ಹೇಳಬಹುದು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಗೆ ದೊಡ್ಡವರು ಇನ್ನೂ ನೂರು ವರ್ಷ ಜಗಳವಾಡಲಿ. ತೋಪು ಹಾರಿದಾಗ ಈ ಮಕ್ಕಳು ಎಲ್ಲಿದ್ದರು ಎಂಬ ಪ್ರಶ್ನೆ ತರಗತಿಯಲ್ಲಿ ಒಮ್ಮೆಯಾದರೂ ಬರಲಿ.

ಈ ಸಲ ಹಬ್ಬಕ್ಕೆ ಮನೆಯ ಬಂದೂಕನ್ನು ಕೆಳಗಿಳಿಸಿ ಒರೆಸಿ ಕುಂಕುಮ ಇಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಪೂಜೆ ಮುಗಿದ ಮೇಲೆ ಅದನ್ನು ಹಳೆಯ ಮೊಳೆಗೇ ತೂಗುಹಾಕುತ್ತಾರೋ, ಬೀಗ ಹಾಕಿ ಇಡುತ್ತಾರೋ ಎಂಬುದನ್ನು ಮನೆಯ ಮಕ್ಕಳು ನೋಡುತ್ತಿರುತ್ತಾರೆ. ಶಾಲೆಯ ಪಾಠಕ್ಕಿಂತ ಮೊದಲಿನ ಪಾಠ ಅದು.